ಅಡ್ಜಸ್ಟ್ ಮಾಡ್ಕೊಳ್ಳೋದು ಯಾವಾಗ್ಲೂ ನಾವೇನಾ?

ಸಣ್ಣ ವಿಷಯ ಅನ್ಸಬಹುದು, ಆದ್ರೂ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಓದಿ.

ನಾವಿರೋದು ಬೆಂಗಳೂರಿನ ಒಂದು ಸಾಧಾರಣ ಅಪಾರ್ಟ್‌ಮೆಂಟಲ್ಲಿ. 18 ಮನೆ. ಬ್ಯಾಂಕ್ ಸಾಲ ಮಾಡಿ ತಗೊಂಡಿದ್ದು, ಇನ್ನೂ 11 ವರ್ಷ ಕಂತು ಕಟ್ಟಬೇಕು. ಎದುರು ಮನೆಯವರು ದಿನಾ ಬೆಳಿಗ್ಗೆ ಐದಕ್ಕೆ ಸ್ಪೀಕರಲ್ಲಿ ಭಕ್ತಿಗೀತೆ ಹಾಕ್ತಾರೆ. ಅವರು ಹೊಸ್ತಿಲು ತೊಳೆದ ನೀರು ನಮ್ಮ ಬಾಗಿಲಿಗೆ ಬರುತ್ತೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಟೈಮಲ್ಲಿ ಹೋಗಿ, "ಸರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ, ರಾತ್ರಿ ಒಂದರವರೆಗೂ ಓದಿ ಮಲಗಿರ್ತಾಳೆ" ಅಂತ ಕೇಳ್ಕೊಂಡೆ. ನಗ್ತಾ ಹೇಳಿದ್ರು: "ದೇವರ ಹಾಡಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಮಾಡ್ಕೊಂಡ್ವಿ.

ಆಚೆ ಭಾನುವಾರ ಮನೇಲಿ ಬಂಗುಡೆ ಹುರಿದ್ವಿ. ಅರ್ಧ ಗಂಟೆಗೆ ವಾಟ್ಸಾಪ್ ಗ್ರೂಪಲ್ಲಿ ಅವರ ಮೆಸೇಜು: "ಕೆಲವರ ಅಡುಗೆ ವಾಸನೆಯಿಂದ ಫ್ಯಾಮಿಲಿಗಳಿಗೆ ತೊಂದರೆಯಾಗ್ತಿದೆ. ಸಮಿತಿ ಕ್ರಮ ತಗೋಬೇಕು." ಅದಕ್ಕೆ ಆರು ಜನ ಹೆಬ್ಬೆರಳು ಎತ್ತಿದ್ರು. ಹಾಗಾದ್ರೆ ನಾವು ಫ್ಯಾಮಿಲಿ ಅಲ್ವಾ?

ಮೂರನೇ ಮಹಡಿಯ ಗೌಡ್ರ ಮನೇಲಿ ವಾರಕ್ಕೆರಡು ಸಲ ಮಟನ್ ಬೇಯುತ್ತೆ. ಅದರ ಬಗ್ಗೆ ಇಷ್ಟು ವರ್ಷದಲ್ಲಿ ಒಂದೂ ಮೆಸೇಜ್ ಬಂದಿಲ್ಲ. ವ್ಯತ್ಯಾಸ ಇಷ್ಟೇ, ನಮ್ಮ ಬಾಗಿಲು ತೆಗೆದ್ರೆ ಎದುರಿಗೆ ಬಾಬಾಸಾಹೇಬರ ಫೋಟೊ ಕಾಣುತ್ತೆ. ಅವರ ಮೂಗಿಗೆ ಹೊಡೀತಿರೋದು ಮೀನಲ್ಲ.

1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಇರೋಕೆ ಒಂದು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಹೆಸರು ಮರೆಸಿ ಇದ್ರು. ಗೊತ್ತಾದಾಗ ದೊಣ್ಣೆ ಹಿಡಿದು ಬಂದು ಖಾಲಿ ಮಾಡಿಸಿದ್ರು. ಈಗ ದೊಣ್ಣೆ ಇಲ್ಲ. "ನಿಮ್ಮ ಮನೆದೇವ್ರು ಯಾವುದು? ವೆಜ್ಜಾ?" ಅನ್ನೋ ಪ್ರಶ್ನೆಗಳಿವೆ. ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರನ್ನ ಕೇಳಿ, ಹೇಳ್ತಾರೆ.

ನಾನೇನು ಸಾಚಾ ಅಲ್ಲ. ಸಂಘಟನೆ ಫೋನ್ ಬಂದ್ರೆ ರಾತ್ರಿ ಹನ್ನೊಂದರವರೆಗೂ ಬಾಲ್ಕನಿಯಲ್ಲಿ ನಿಂತು ಜೋರಾಗಿ ಮಾತಾಡ್ತಿದ್ದೆ. ಕೆಳಗಿನ ಮನೆ ಅಜ್ಜಿ ಒಂದಿನ, "ನಿನ್ನ ಸಂಘಕ್ಕೆ ನಾನೂ ಮೆಂಬರ್ ಆಗ್ಬಿಟ್ಟೆ ಕಣಪ್ಪಾ" ಅಂದ್ರು. ನಾಚಿಕೆ ಆಯ್ತು. ಅವತ್ತಿಂದ ಒಳಗೆ ಬಂದು ಮೆಲ್ಲಗೆ ಮಾತಾಡ್ತೀನಿ. ನೆರೆಹೊರೆ ಅಂದ್ರೆ ಇದು. ತಪ್ಪು ಹೇಳಿದ್ರೆ ತಿದ್ಕೋಬೇಕು. ಆದ್ರೆ ನಾನು ಫೋನಲ್ಲಿ ಮಾತಾಡಿದ್ದು ತಪ್ಪು, ಹುಟ್ಟಿದ್ದು ತಪ್ಪಲ್ಲ. ಈ ಎರಡನ್ನೂ ಕಲಸಿ "ತೊಂದರೆ" ಅನ್ನೋ ಒಂದೇ ಪದದಲ್ಲಿ ಹೇಳೋರ ಹತ್ರ ಹುಷಾರಾಗಿರಬೇಕು.

ಶಬ್ದಕ್ಕೆ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದ್ರೆ 10ರಿಂದ ಬೆಳಿಗ್ಗೆ 6. ಅಂದ್ರೆ ಬೆಳಿಗ್ಗೆ ಐದು ಗಂಟೆ ಕಾನೂನಿನ ಲೆಕ್ಕದಲ್ಲಿ ಇನ್ನೂ ರಾತ್ರಿ. ಅಸ್ಪೃಶ್ಯತೆಗೂ ಕಾನೂನಿದೆ, ಸಂವಿಧಾನದ 17ನೇ ವಿಧಿ.

ನಾನು ಗುಮಾಸ್ತ. ಬಾಯಿ ಮಾತಿಗಿಂತ ಅರ್ಜಿ ಮೇಲೆ ನಂಬಿಕೆ. ಗ್ರೂಪಲ್ಲಿ ಜಗಳ ಆಡ್ಲಿಲ್ಲ. ಸ್ಪೀಕರು, ನೀರು, ಆ ಮೆಸೇಜು, ಮೂರನ್ನೂ ದಿನಾಂಕ ಸಮೇತ ಬರೆದು ಸಮಿತಿ ಕಾರ್ಯದರ್ಶಿಗೆ ಕೊಟ್ಟೆ. ನಕಲಿನ ಮೇಲೆ ಸಹಿ ಹಾಕಿಸ್ಕೊಂಡೆ. ಇಂಥ ಪಾಡು ಪಡ್ತಿರೋ ಗೆಳೆಯರಿಗೆ ಹೇಳೋದೂ ಇಷ್ಟೇ: ಮೊದಲು ಮುಖತಃ ಹೇಳಿ, ಆಮೇಲೆ ಬರೆದು ಕೊಡಿ, ಸ್ಕ್ರೀನ್‌ಶಾಟ್ ಅಳಿಸಬೇಡಿ. ಸುಮ್ಮನಿರೋದನ್ನ ಒಳ್ಳೆತನ ಅಂದ್ಕೋಬೇಡಿ.

ಸ್ಪೀಕರ್ ನಾಲ್ಕು ದಿನದಿಂದ ಸುಮ್ಮನಿದೆ. ಮಿಕ್ಕಿದ್ದು "ಮುಂದಿನ ಸಭೆಗೆ" ಅಂತೆ. ಹೋಗ್ತೀನಿ.

ನೆನ್ನೆ ಭಾನುವಾರ ಮತ್ತೆ ಮೀನು ತಂದೆ. ಹೆಂಡತಿ ಬಾಣಲೆ ಇಟ್ಟು, "ಕಿಟಕಿ ಮುಚ್ಲಾ?" ಅಂದ್ಲು. ನಾನು ಬಾಯಿ ತೆಗೆಯೋ ಮೊದಲೇ ಮಗಳು, "ಯಾಕಮ್ಮ ಮುಚ್ಬೇಕು?" ಅಂದ್ಲು.

ಮುಚ್ಚಲಿಲ್ಲ.

ಜೈ ಭೀಮ್.