ಬ್ಯಾಟರಿ ಬದಲಿಸಿ ಅಂತ ಹೇಳಿದ್ದು ನಾನೇ

ನಮ್ಮ ಮಾವ ಮಲ್ಪೆಯಲ್ಲಿ ಮೀನುಗಾರರು. ಅವರದ್ದೊಂದು ಹಳೇ ಮರದ ಬೋಟ್ ಇದೆ, ವಯಸ್ಸಲ್ಲಿ ನನಗಿಂತ ದೊಡ್ಡದು. ಡೀಸೆಲ್ ಎಂಜಿನ್, 12 ವೋಲ್ಟ್ ಬ್ಯಾಟರಿ, ಸೆಲ್ಫ್ ಸ್ಟಾರ್ಟ್. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ಯಾಂತ್ರಿಕ ಬೋಟ್‌ಗಳು ಮೀನು ಹಿಡಿಯೋ ಹಾಗಿಲ್ಲ. ಕಳೆದ ವರ್ಷ ಆ ರಜೆ ಮುಗಿಯೋ ಹೊತ್ತಿಗೆ ಮಾವನ ಫೋನ್ ಬಂತು.

"ಎಂತ ಮಾರಾಯ, ಬೋಟ್ ಸ್ಟಾರ್ಟ್ ಆಗ್ತಾ ಇಲ್ಲ. ಸೆಲ್ಫ್ ಹೊಡೆದ್ರೆ ಅರ್ಧ ಸುತ್ತು ತಿರುಗಿ ನಿಲ್ತದೆ. ನೀನು ಇಂಜಿನಿಯರಿಂಗ್ ಅಲ್ವಾ, ಎಂತ ಆಗಿರ್ಬಹುದು?"

ನಾನು ಒಂದು ಸೆಕೆಂಡೂ ಯೋಚಿಸಲಿಲ್ಲ. "ಮಾವ, ಎರಡು ತಿಂಗಳು ಸುಮ್ನೆ ನಿಂತಿತ್ತಲ್ಲ, ಬ್ಯಾಟರಿ ಹೋಗಿರುತ್ತೆ. ಬದಲಿಸಿಬಿಡಿ" ಅಂದೆ. ಇಂಜಿನಿಯರಿಂಗ್ ಓದೋ ಅಳಿಯ ಹೇಳಿದ ಮೇಲೆ ಮುಗೀತು. ಒಂಬತ್ತು ಸಾವಿರ ಕೊಟ್ಟು ಹೊಸ ಬ್ಯಾಟರಿ ತಂದರು. ಹೊಸದರ ಜೋರಿಗೆ ಎರಡು ದಿನ ಹೇಗೋ ಸ್ಟಾರ್ಟ್ ಆಯ್ತು. ಮೂರನೇ ದಿನ ಸಮುದ್ರದಲ್ಲಿ ಬಲೆ ಬಿಟ್ಟು ಎಂಜಿನ್ ಆಫ್ ಮಾಡಿದ್ದಾರೆ. ಆಮೇಲೆ ಸೆಲ್ಫ್ ಹೊಡೆದ್ರೆ ಮತ್ತೆ ಅದೇ ಕಥೆ. ಗಾಳಿ ಬೇರೆ ಏಳ್ತಾ ಇತ್ತಂತೆ. ಪಕ್ಕದ ಬೋಟಿನವರು ಹಗ್ಗ ಕಟ್ಟಿ ಬಂದರಿಗೆ ಎಳೆದು ತಂದರು. ಮಾವ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಆ ವಾರಾಂತ್ಯ ನಾನೂರು ರೂಪಾಯಿಯ ನನ್ನ ಮಲ್ಟಿಮೀಟರ್ ತಗೊಂಡು ಬಸ್ ಹತ್ತಿದೆ. ಮೊದಲು ಬ್ಯಾಟರಿ ಹಾಗೇ ನಿಂತಿರುವಾಗ ಅಳೆದೆ: 12.6 ವೋಲ್ಟ್. ಅಂದ್ರೆ ಫುಲ್ ಚಾರ್ಜ್. (12.2 ಬಂದ್ರೆ ಸುಮಾರು ಅರ್ಧ ಚಾರ್ಜ್ ಅಂತ ಲೆಕ್ಕ.) ಆದ್ರೆ ಇದೊಂದನ್ನೇ ನಂಬಬಾರದು. ಒಳಗೆ ಸತ್ತಿರೋ ಬ್ಯಾಟರಿಯೂ ಕೆಲಸ ಕೊಡುವವರೆಗೆ ಚೆನ್ನಾಗೇ ಇದ್ದ ಹಾಗೆ ನಟಿಸುತ್ತೆ. ಹಾಗಾಗಿ ಗೇರ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಲಿವರ್ ಎಳೆದಿಟ್ಟು, ಮಾವ ಸೆಲ್ಫ್ ಹೊಡೆಯುವಾಗಲೇ ಅಳೆದೆ. ಬ್ಯಾಟರಿಯ ಎರಡು ಟರ್ಮಿನಲ್ ಮಧ್ಯೆ 11.8. ಬ್ಯಾಟರಿ ಹಾಳಾಗಿದ್ರೆ ಇದು 9.6ಕ್ಕಿಂತ ಕೆಳಗೆ ಬೀಳಬೇಕಿತ್ತು. ಆದ್ರೆ ಸ್ಟಾರ್ಟರ್ ಮೋಟರಿನ ಹತ್ತಿರ ಅಳೆದ್ರೆ ಬರೀ 8.4! ಮಧ್ಯದಲ್ಲಿ 3.4 ವೋಲ್ಟ್ ಎಲ್ಲಿ ಹೋಯ್ತು?

ಈಗ ದಾರಿ ಹಿಡಿದು ಹುಡುಕಬೇಕು. ಬ್ಯಾಟರಿ ಪ್ಲಸ್‌ನಿಂದ ಸ್ಟಾರ್ಟರ್ ಬೋಲ್ಟ್‌ವರೆಗೆ, ಸೆಲ್ಫ್ ಹೊಡೀತಿರುವಾಗ: 0.3. ಪರವಾಗಿಲ್ಲ. ಬ್ಯಾಟರಿ ಮೈನಸ್‌ನಿಂದ ಎಂಜಿನ್ ಬಾಡಿಗೆ: 3.1. ಸಿಕ್ಕಿತು ಕಳ್ಳ! ಅರ್ಥ್ ಕೇಬಲ್ ಎಂಜಿನ್‌ಗೆ ಸೇರೋ ಜಾಗದಲ್ಲಿ ಬೋಲ್ಟ್ ಕೆಳಗೆ ಪೇಂಟ್, ತುಕ್ಕು. ಕೇಬಲ್ ತುದಿ ಮುಟ್ಟಿದ್ರೆ ಬಿಸಿ. ಹೊರಗಿನ ರಬ್ಬರ್ ಚೆನ್ನಾಗಿತ್ತು, ಕತ್ತರಿಸಿ ನೋಡಿದ್ರೆ ಒಳಗಿನ ತಾಮ್ರ ಕಪ್ಪು-ಹಸಿರು. ಉಪ್ಪುನೀರು ತಂತಿಯ ಒಳಗೇ ಹತ್ತಿಕೊಂಡು ಹೋಗಿತ್ತು.

ಸೆಲ್ಫ್‌ಗೆ 150 ಆಂಪಿಯರ್ ಹೋಗುತ್ತೆ ಅಂತ ಇಟ್ಕೊಳ್ಳಿ. 3.1 ವೋಲ್ಟ್ ನುಂಗೋಕೆ ಸುಮಾರು 0.02 ಓಮ್ ಸಾಕು. ಇದೇ ಕೇಬಲ್‌ನ ಕಂಟಿನ್ಯೂಟಿ ಮೋಡ್‌ನಲ್ಲಿ ಚೆಕ್ ಮಾಡಿದ್ರೆ ಮೀಟರ್ ಖುಷಿಯಾಗಿ 'ಬೀಪ್' ಅನ್ನುತ್ತೆ, ಯಾಕಂದ್ರೆ ಮೀಟರಿನ ವೈರುಗಳದ್ದೇ ರೆಸಿಸ್ಟೆನ್ಸ್ ಅದಕ್ಕಿಂತ ಜಾಸ್ತಿ. ದೋಷ ಕಾಣೋದು ಕರೆಂಟ್ ಹರಿಯುವಾಗ ಮಾತ್ರ.

ಹಾಳಾದಷ್ಟು ಉದ್ದ ಕತ್ತರಿಸಿ, ಹೊಸ ಲಗ್ ಕ್ರಿಂಪ್ ಮಾಡಿ, ಬೋಲ್ಟ್ ಕೂರೋ ಜಾಗವನ್ನ ಲೋಹ ಹೊಳೆಯೋವರೆಗೆ ಉಜ್ಜಿ, ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಿದ್ವಿ. ಮಾವ ಸೆಲ್ಫ್ ಹೊಡೆದ್ರು. ಒಂದೇ ಸಲಕ್ಕೆ ಸ್ಟಾರ್ಟ್. ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ. ಹಳೇ ಬ್ಯಾಟರಿಯೋ? ಅದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಬಹುಶಃ ಅದೂ ಚೆನ್ನಾಗೇ ಇತ್ತು.

ಈಗ ನಾನು ಹೇಳಬೇಕಾದ ವಿಷಯ. ಇಷ್ಟಕ್ಕೂ ಬೇಕಾದ ಥಿಯರಿ ಏನು? ಓಮ್ಸ್ ಲಾ. ಅದು ನಮಗೆಲ್ಲ ಹತ್ತನೇ ಕ್ಲಾಸಿಂದ ಗೊತ್ತು. ಫಸ್ಟ್ ಇಯರ್ ಲ್ಯಾಬ್‌ನಲ್ಲಿ ನನಗೆ ಒಳ್ಳೇ ಮಾರ್ಕ್ಸೂ ಬಂದಿದೆ. ಆದ್ರೂ ಫೋನ್ ಬಂದಾಗ ನಾನು ಮಾಡಿದ್ದು ಊಹೆ. ಯಾಕೆ? ನಮ್ಮ ಲ್ಯಾಬ್‌ಗಳಲ್ಲಿ ಸರ್ಕ್ಯೂಟ್ ಯಾವಾಗಲೂ ಸರಿಯಾಗೇ ಇರುತ್ತೆ. ಉತ್ತರ ಮೊದಲೇ ಗೊತ್ತಿರುತ್ತೆ, ಸೀನಿಯರ್ ರೆಕಾರ್ಡ್‌ನಲ್ಲಿ ರೀಡಿಂಗೂ ಇರುತ್ತೆ. ಏನಾದ್ರೂ ಕೈಕೊಟ್ರೆ "ಸರ್, ಕಿಟ್ ಹಾಳಾಗಿದೆ" ಅಂತ ಪಕ್ಕದ ಟೇಬಲ್‌ಗೆ ಹೋಗ್ತೀವಿ. ಅದೂ ಬ್ಯಾಟರಿ ಬದಲಿಸಿದ ಹಾಗೇ ತಾನೇ?

"ಅನುಭವ ಇರೋ ಮೆಕ್ಯಾನಿಕ್‌ಗಳೂ ಊಹೆಯಿಂದಲೇ ಹೇಳ್ತಾರಲ್ಲ" ಅಂತ ನನ್ನ ರೂಮ್‌ಮೇಟ್ ವಾದ. ಹೌದು, ಬಂದರಿನ ಮೆಕ್ಯಾನಿಕ್ ಸೆಲ್ಫ್ ಸದ್ದು ಕೇಳಿಯೇ ಹೇಳಬಲ್ಲರು. ಆದ್ರೆ ಅವರ ಊಹೆಯ ಹಿಂದೆ ಸಾವಿರ ಕೆಟ್ಟ ಎಂಜಿನ್‌ಗಳಿವೆ. ನನ್ನ ಊಹೆಯ ಹಿಂದೆ ಒಂದೂ ಇರಲಿಲ್ಲ, ಬರೀ 'ಇಂಜಿನಿಯರಿಂಗ್' ಅನ್ನೋ ಹೆಸರಿತ್ತು. ಮಾವ ನಂಬಿದ್ದು ಆ ಹೆಸರನ್ನ. ನನಗೆ ಇವತ್ತಿಗೂ ನಾಚಿಕೆ ಆಗೋದು ಅದಕ್ಕೇ.

ನನ್ನ ಬೇಡಿಕೆ ಚಿಕ್ಕದು. ಪ್ರತಿ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಲ್ಯಾಬ್ ಕ್ಲಾಸ್ ಕೆಟ್ಟುಹೋದ ವಸ್ತುವಿಗೆ ಮೀಸಲಿಡಿ. ಲೂಸ್ ಕನೆಕ್ಷನ್, ತುಕ್ಕು ಹಿಡಿದ ಟರ್ಮಿನಲ್, ಒಳಗೆ ತುಂಡಾದ ವೈರ್, ಏನಾದ್ರೂ ಸರಿ. ದೋಷ ಏನು ಅಂತ ಹೇಳಬೇಡಿ. ಮೀಟರ್ ಕೊಟ್ಟು ಹುಡುಕೋಕೆ ಬಿಡಿ. ಸಿಗದಿದ್ರೂ, ಯಾವ ಕ್ರಮದಲ್ಲಿ ಹುಡುಕಿದೆವು ಅನ್ನೋದಕ್ಕೆ ಮಾರ್ಕ್ಸ್ ಕೊಡಿ.

ಇನ್ನು ನಮಗೆ, ಅಂದ್ರೆ ಸ್ಟೂಡೆಂಟ್ಸ್‌ಗೆ: ಮನೆಯಿಂದ ಯಾರಾದ್ರೂ ಫೋನ್ ಮಾಡಿ "ನೀನು ಇಂಜಿನಿಯರ್ ಅಲ್ವಾ" ಅಂದ್ರೆ, "ಗೊತ್ತಿಲ್ಲ, ಬಂದು ಅಳೆದು ನೋಡ್ತೀನಿ" ಅನ್ನೋಣ. ಮುಂದಿನ ಆಗಸ್ಟ್‌ಗೆ ಮೊದಲು ನಾನು ಮತ್ತೆ ಮಲ್ಪೆಗೆ ಹೋಗ್ತೀನಿ, ಪ್ಲಸ್ ಕಡೆಯ ಕೇಬಲ್ ಚೆಕ್ ಮಾಡೋದಿದೆ. 0.3 ಇದ್ದದ್ದು ಈಗ ಎಷ್ಟಾಗಿದೆಯೋ ನೋಡಬೇಕು.