ಕೆಲಸ ಸಿಗದಿರುವುದು ಮಾಧ್ಯಮದ ದೋಷವೇ?

ಶಾಲೆಗಳಲ್ಲಿ ದಾಖಲಾತಿ ಆರಂಭವಾಯಿತೆಂದರೆ ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರೆಲ್ಲ ಒಂದೇ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ: “ಕನ್ನಡದಲ್ಲಿ ಓದಿದರೆ ನಾಳೆ ನಮ್ಮ ಹುಡುಗನಿಗೆ ಏನು ಕೆಲಸ ಸಿಕ್ಕೀತು?” ಮಂಜೇಶ್ವರದಲ್ಲಿ ಕೇಳುವುದೂ ಇದನ್ನೇ, ತಳಿಯಲ್ಲಿ, ಜತ್ತದಲ್ಲಿ, ಮಡಕಶಿರಾದಲ್ಲಿ ಕೇಳುವುದೂ ಇದನ್ನೇ. ಹೀಗೆ ಕೇಳುವ ಪಾಲಕರಿಗೆ ಭಾಷಾಭಿಮಾನವಿಲ್ಲವೆಂದು ಜರೆಯುವುದು ಅನ್ಯಾಯ. ಮಕ್ಕಳ ಹೊಟ್ಟೆಪಾಡಿನ ಚಿಂತೆ ತಂದೆತಾಯಿಗಳಿಗಲ್ಲದೆ ಇನ್ಯಾರಿಗೆ ಇರಬೇಕು? ಆದರೆ ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಕೇಳುತ್ತಿದ್ದೇವೆಯೇ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕಾಗಿದೆ.

ನಮ್ಮ ಶಾಲೆಗಳಿಂದ ಹೊರಬರುವ ಮಕ್ಕಳೆಲ್ಲ ಡಾಕ್ಟರು, ಇಂಜಿನಿಯರು ಆಗುವುದಿಲ್ಲ. ಯಾವ ಮಾಧ್ಯಮದ ಶಾಲೆಯಲ್ಲೂ ಹಾಗೆ ಆಗುವುದಿಲ್ಲ. ಬಹಳಷ್ಟು ಮಕ್ಕಳು ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಮೆಕ್ಯಾನಿಕ್, ಟೈಲರ್ ಕೆಲಸಗಳಿಗೆ ಹೋಗುತ್ತಾರೆ. ಇವು ಕೀಳು ಕೆಲಸಗಳಲ್ಲ. ಕೈಯಲ್ಲಿ ಕಸುಬಿದ್ದವನು ಉಪವಾಸ ಬೀಳುವುದಿಲ್ಲವೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಇಂಥ ಕಸುಬಿನ ಕೆಲಸ ಸಿಗುವುದೂ ಸಿಗದಿರುವುದೂ ಮೊಟ್ಟಮೊದಲು ಊರನ್ನು ಅವಲಂಬಿಸಿದೆ. ಮಾಧ್ಯಮದ ಮಾತು ಬರುವುದು ಆಮೇಲೆ.

ಒಂದೇ ರಾಜ್ಯ, ಎರಡು ಊರು

ತಮಿಳುನಾಡಿನ ಹೊಸೂರನ್ನೂ ತಾಳವಾಡಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಎರಡೂ ಕಡೆ ಕನ್ನಡ ಶಾಲೆಗಳಿವೆ. ಎರಡೂ ಕಡೆಯ ಮಕ್ಕಳು ಬರೆಯುವುದು ಅದೇ ರಾಜ್ಯದ ಹತ್ತನೆಯ ತರಗತಿ ಪರೀಕ್ಷೆ. ಅವರನ್ನು ಆಳುವ ಸರಕಾರವೂ ಒಂದೇ.

ಹೊಸೂರಿನಲ್ಲಿ 1970ರ ದಶಕದಿಂದ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬೆಳೆಯಿತು. ಟಿ.ವಿ.ಎಸ್. ಮೋಟಾರ್, ಅಶೋಕ್ ಲೇಲ್ಯಾಂಡ್, ಟೈಟನ್ ಬಂದವು. ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಬೆನ್ನಹಿಂದೆಯೇ ಬಂದವು. ಇತ್ತೀಚಿನ ವರ್ಷಗಳಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಬಂದು ಹೆಚ್ಚಾಗಿ ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ಸೇರಿಸಿಕೊಂಡಿತು. ಗಡಿ ದಾಟಿದರೆ ಅತ್ತಿಬೆಲೆ, ಬೊಮ್ಮಸಂದ್ರ. ಅಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಕಲಿತವರಿಗೆ ಬೇಡಿಕೆಯಿದೆ. ಕಾಯಂ ಕೆಲಸ ಕಡಿಮೆ, ಗುತ್ತಿಗೆ ಕೆಲಸ ಹೆಚ್ಚು ಎಂಬ ದೂರು ಇದೆ; ಅದು ನಿಜವೂ ಹೌದು. ಆದರೂ ಕಲಿತ ಕೈಗೆ ಕೆಲಸದ ಬಾಗಿಲು ಅಲ್ಲಿ ತೆರೆದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ತೆಲುಗು ಆಡುವ ಹುಡುಗನಿಗೆ ಗಡಿಯ ಎರಡೂ ಬದಿಯಲ್ಲಿ ಮಾತಿನ ತೊಡಕಿಲ್ಲ.

ತಾಳವಾಡಿಯ ಸ್ಥಿತಿ ಬೇರೆ. ಅದು ಬೆಟ್ಟದ ಮೇಲಿನ ಬೇಸಾಯದ ನಾಡು. ಕೆಳಗಿನ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ದಾಟಬೇಕು. ವನ್ಯಜೀವಿಗಳ ರಕ್ಷಣೆಗೆಂದು 2022ರ ಫೆಬ್ರವರಿಯಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂದಿದೆ. ಹತ್ತಿರವಿರುವ ದೊಡ್ಡ ಊರೆಂದರೆ ಚಾಮರಾಜನಗರ. ಅದು ಇನ್ನೊಂದು ರಾಜ್ಯ. ಇಲ್ಲಿ ಟರ್ನರ್ ಕಲಿತ ಹುಡುಗನಿಗೆ ಊರಿನಲ್ಲಿ ಒಂದು ಲೇತೂ ಕಾಣಸಿಗುವುದು ಕಷ್ಟ. ಪಂಪ್‌ಸೆಟ್, ಮೋಟಾರ್ ರಿವೈಂಡಿಂಗ್, ಟ್ರ್ಯಾಕ್ಟರ್ ರಿಪೇರಿ, ಮನೆ ವೈರಿಂಗ್ ಬಲ್ಲವನಿಗೆ ಮಾತ್ರ ವರ್ಷವಿಡೀ ಕೆಲಸ.

ಮಾಧ್ಯಮ ಒಂದೇ ಆಗಿದ್ದೂ ಫಲ ಬೇರೆಯಾಯಿತು. ಹಾಗಾದರೆ ಕಾರಣ ಮಾಧ್ಯಮವಲ್ಲ. ತಾಳವಾಡಿಯ ಹುಡುಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದ ಮಾತ್ರಕ್ಕೆ ಅಲ್ಲಿಗೆ ಕಾರ್ಖಾನೆ ಬರುವುದಿಲ್ಲ.

ಉಳಿದ ಗಡಿಗಳ ಚಿತ್ರ

ಇದೇ ಮಾತು ಇತರ ಕಡೆಗೂ ಅನ್ವಯಿಸುತ್ತದೆ. ಸೊಲ್ಲಾಪುರ ಚಾದರ್ ಮತ್ತು ಟವೆಲ್‌ಗಳ ಊರು. ಹಳೆಯ ದೊಡ್ಡ ಮಿಲ್ಲುಗಳು ಮುಚ್ಚಿದರೂ ಪವರ್‌ಲೂಮ್ ಉಳಿದಿದೆ. ಮಗ್ಗ ರಿಪೇರಿ ಬಲ್ಲ ಜಾಬರ್‌ಗೆ ಬೆಲೆಯಿದೆ. ಸಮವಸ್ತ್ರ ಹೊಲಿಯುವ ಉದ್ಯಮವೂ ಬೆಳೆದಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೇವಾಡಿಯಲ್ಲಿ 660 ಮೆಗಾವಾಟ್‌ನ ಎರಡು ಘಟಕಗಳ ಎನ್.ಟಿ.ಪಿ.ಸಿ. ವಿದ್ಯುತ್ ಸ್ಥಾವರವಿದೆ. ಪಕ್ಕದ ಸಾಂಗ್ಲಿ ಜಿಲ್ಲೆಯ ಜತ್ತಕ್ಕೆ ಬಂದರೆ ಬರಗಾಲದ ನೆಲ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳು. ಅಲ್ಲಿ ಕಾಣುವ ಯಂತ್ರಗಳೆಂದರೆ ಗುಡ್ಡದ ಮೇಲಿನ ಗಾಳಿಯಂತ್ರ ಮತ್ತು ಏತ ನೀರಾವರಿಯ ಪಂಪು. ಎರಡಕ್ಕೂ ಬೇಕಾದವನು ಎಲೆಕ್ಟ್ರಿಷಿಯನ್.

ಕಾಸರಗೋಡಿನಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ. ಅಲ್ಲಿಯ ಕಸುಬಿನವರಿಗೆ ಎರಡು ದಾರಿ: ಒಂದು ಮಂಗಳೂರು, ಇನ್ನೊಂದು ಕೊಲ್ಲಿ ದೇಶಗಳು. ಕೊಲ್ಲಿಗೆ ಹೋಗುವವರ ಪಾಲಕರು ಒಂದು ವಿಷಯ ತಿಳಿದಿರಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೆಯ ತರಗತಿ ಪಾಸಾಗದವನು ಕೊಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಸರಕಾರದ ವಲಸೆ ಅನುಮತಿ ಪಡೆಯಬೇಕು. ಪಾಸಾದವನಿಗೆ ಆ ಅನುಮತಿ ಬೇಕಿಲ್ಲ. ಆ ಪಾಸು ಕನ್ನಡದಲ್ಲಿ ಬರೆದ ಪರೀಕ್ಷೆಯದೋ ಬೇರೆ ಭಾಷೆಯದೋ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಮಾಧ್ಯಮ ಬದಲಾಯಿಸಿ ನಡುವೆ ಶಾಲೆ ಬಿಡುವುದಕ್ಕಿಂತ ಕನ್ನಡದಲ್ಲೇ ಓದಿ ಪಾಸಾಗುವುದು ಸಾವಿರ ಪಾಲು ಮೇಲು.

ನೀಲಗಿರಿಯಲ್ಲಿ ಚಹಾ ಫ್ಯಾಕ್ಟರಿಗಳು ಮತ್ತು ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ ಇವೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮುಚ್ಚಿಹೋಯಿತು. ಒಂದೇ ಕಾರ್ಖಾನೆಯನ್ನು ನಂಬಿ ಕೂರಬಾರದೆಂಬುದಕ್ಕೆ ಅದೇ ಸಾಕ್ಷಿ. ಆದವಾನಿಯಲ್ಲಿ ಹತ್ತಿ ಜಿನ್ನಿಂಗ್ ಕೆಲಸ ಹಂಗಾಮಿನದು. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಇದೆ, ಆದರೆ ಕೂಲಿ ತುಂಡಿನ ಲೆಕ್ಕದಲ್ಲಿ. ಹೊಲಿಯುವವನಿಗಿಂತ ಆ ಮೆಷಿನ್ ರಿಪೇರಿ ಮಾಡುವವನ ಸ್ಥಿತಿ ಮೇಲು. ಮಡಕಶಿರಾದವರಿಗೆ 2019ರಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿದ ಮೇಲೆ ಹೊಸ ದಾರಿಯೊಂದು ಕಂಡಿದೆ. ತೆಲಂಗಾಣದ ಜಹೀರಾಬಾದಿನಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆಯಿದ್ದರೆ ನಾರಾಯಣಪೇಟೆಯಲ್ಲಿ ಇಂದಿಗೂ ಕೈಮಗ್ಗವೇ ಆಧಾರ. ಗೋವೆಯಲ್ಲಿ ಹಡಗುಕಟ್ಟೆಯ ವೆಲ್ಡರ್‌ಗೆ ಸಿಗುವ ಮರ್ಯಾದೆ ಕಟ್ಟಡದ ಕೂಲಿಯವನಿಗೆ ಇಲ್ಲ. ಇಬ್ಬರ ನಡುವೆ ಇರುವ ಅಂತರ ಒಂದು ವರ್ಷದ ತರಬೇತಿ ಮಾತ್ರ.

ಭಾಷೆ ನಿಜವಾಗಿ ಅಡ್ಡ ಬರುವುದೆಲ್ಲಿ?

ಹಾಗೆಂದು ಭಾಷೆಯ ತೊಡಕೇ ಇಲ್ಲವೆಂದು ಹೇಳಿದರೆ ಅದು ಪಾಲಕರನ್ನು ಮರುಳು ಮಾಡಿದಂತೆ. ತೊಡಕು ಮೂರು ಕಡೆ ಇದೆ.

ಮೊದಲನೆಯದು ರಾಜ್ಯ ಸರಕಾರದ ನೌಕರಿ. ರಾಜ್ಯದ ಭಾಷೆ ತಿಳಿದಿರುವುದು ನೇಮಕಾತಿಗೆ ಮೊದಲೇ ಕಡ್ಡಾಯವಾಗಬಾರದು, ಆಯ್ಕೆಯಾದ ಮೇಲೆ ಕಲಿತು ಪರೀಕ್ಷೆ ಪಾಸಾದರೆ ಸಾಕು ಎಂಬುದು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳಲ್ಲಿ ದಶಕಗಳ ಹಿಂದೆಯೇ ಒಪ್ಪಿಕೊಂಡ ಅಂಶ. ಆದರೆ ತಮಿಳುನಾಡು 2021ರ ಡಿಸೆಂಬರಿನಲ್ಲಿ ತನ್ನ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯನ್ನು ಕಡ್ಡಾಯ ಮಾಡಿತು. ಇದರ ವಿರುದ್ಧ ನಾವು ಧ್ವನಿ ಎತ್ತಬೇಕು, ನಿಜ. ಆದರೆ ನಮ್ಮ ಮಕ್ಕಳು ರಾಜ್ಯದ ಭಾಷೆಯನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಯಲೇಬೇಕು. ಕನ್ನಡ ಮಾಧ್ಯಮವೆಂದರೆ ಮಲಯಾಳ, ತಮಿಳು, ಮರಾಠಿ, ತೆಲುಗುಗಳ ಮೇಲೆ ಮುನಿಸು ಎಂದಲ್ಲ.

ಎರಡನೆಯದು ತರಬೇತಿ. ಐ.ಟಿ.ಐ. ಸೇರಿದ ಕನ್ನಡದ ಹುಡುಗ ಪಾಠ ಅರ್ಥವಾಗದೆ ಮೊದಲ ವರ್ಷವೇ ಬಿಟ್ಟು ಬರುವುದುಂಟು. ಆದರೆ ಕೇಂದ್ರ ಸರಕಾರದ ಸಂಸ್ಥೆಯಾದ ಚೆನ್ನೈಯ ‘ನಿಮಿ’ ಪ್ರಕಟಿಸುವ ಐ.ಟಿ.ಐ. ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಇವೆ. ಎಲೆಕ್ಟ್ರಿಷಿಯನ್‌ನಂಥ ಟ್ರೇಡುಗಳ ಪುಸ್ತಕ ಕನ್ನಡದಲ್ಲಿ ಅಚ್ಚಾಗಿದ್ದೂ ಗಡಿಯಾಚೆಯ ಹುಡುಗನ ಕೈಗೆ ಸೇರದಿದ್ದರೆ ಅದನ್ನು ಬಡತನ ಎನ್ನಲಾಗದು, ಕೇಳದಿರುವ ನಮ್ಮ ಆಲಸ್ಯ ಎನ್ನಬೇಕು.

ಮೂರನೆಯದು ‘ಸ್ಥಳೀಯ’ ಎಂಬ ಮಾತು. 2019ರಲ್ಲಿ ಆಂಧ್ರಪ್ರದೇಶ ಕೈಗಾರಿಕೆಗಳಲ್ಲಿ ಶೇ. 75 ಕೆಲಸ ಸ್ಥಳೀಯರಿಗೆ ಎಂದು ಕಾಯ್ದೆ ಮಾಡಿದಾಗ ಸ್ಥಳೀಯನೆಂದರೆ ಆ ರಾಜ್ಯದ ನಿವಾಸಿ ಎಂದಿತ್ತು. ಮಾತೃಭಾಷೆ ಯಾವುದೆಂಬ ಪ್ರಶ್ನೆ ಇರಲಿಲ್ಲ. ಅಂದರೆ ಮಡಕಶಿರಾದ ಕನ್ನಡಿಗನೂ ಸ್ಥಳೀಯನೇ. 2024ರ ಜುಲೈಯಲ್ಲಿ ಕರ್ನಾಟಕ ಇಂಥದೇ ಮಸೂದೆ ತರಲು ಹೊರಟು ಅದನ್ನು ತಡೆಹಿಡಿಯಿತು. ಅದರಲ್ಲಿ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ 15 ವರ್ಷ ವಾಸವಿದ್ದು ಕನ್ನಡ ಬಲ್ಲವನು. ಮಂಜೇಶ್ವರದಲ್ಲಿ ಹುಟ್ಟಿ ಕನ್ನಡದಲ್ಲೇ ಓದಿ ಮಂಗಳೂರಿನಲ್ಲಿ ದುಡಿಯುವ ಹುಡುಗ ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಕನ್ನಡಕ್ಕಾಗಿ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವನು ಕನ್ನಡದ ಹೆಸರಿನಲ್ಲೇ ಹೊರಗುಳಿಯುವ ವಿಪರ್ಯಾಸವಿದು. ವೃತ್ತಿಶಿಕ್ಷಣ ಕಾಲೇಜುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಅವಕಾಶ ಇಟ್ಟಿದೆ. ಕೆಲಸದ ವಿಷಯದಲ್ಲಿಯೂ ಅಂಥ ಮಸೂದೆ ಮತ್ತೆ ಬಂದರೆ ನಮ್ಮ ಮಕ್ಕಳನ್ನು ಹೆಸರಿಸಿ ಸೇರಿಸಬೇಕೆಂದು ಈಗಲೇ ಒತ್ತಾಯಿಸುವುದು ಒಳ್ಳೆಯದು.

ಪಾಲಕರು ಮಾಡಬೇಕಾದದ್ದು

ಹುಡುಗ ಒಂಬತ್ತನೆಯ ತರಗತಿಗೆ ಬರುವಾಗಲೇ ಕೆಲವು ವಿಚಾರಣೆ ಆರಂಭವಾಗಲಿ. ನಮ್ಮ ಊರಿನಿಂದ ಬಸ್ಸಿನಲ್ಲಿ ದಿನಾಲೂ ಹೋಗಿಬರುವ ದೂರದಲ್ಲಿ ಯಾವ ಕೆಲಸಗಳಿವೆ? ಹತ್ತಿರದ ಐ.ಟಿ.ಐ.ಯಲ್ಲಿ ಯಾವ ಟ್ರೇಡುಗಳಿವೆ, ಅವಕ್ಕೆ ಕೇಂದ್ರದ ಮಾನ್ಯತೆ ಇದೆಯೇ? ಮಾನ್ಯತೆಯ ಪ್ರಮಾಣಪತ್ರ ದೇಶದ ಎಲ್ಲ ಕಡೆ ಸಲ್ಲುತ್ತದೆ. ಇಲ್ಲದಿದ್ದರೆ ಕಟ್ಟಿದ ಫೀಸು ದಂಡ. ಆ ಐ.ಟಿ.ಐ.ಯಿಂದ ಕಳೆದ ಎರಡು ವರ್ಷ ಹೊರಬಂದವರು ಈಗ ಎಲ್ಲಿದ್ದಾರೆ? ಇದನ್ನು ಪ್ರಾಂಶುಪಾಲರನ್ನು ಕೇಳುವುದರ ಜೊತೆಗೆ ಆ ಹುಡುಗರನ್ನೇ ಕೇಳಿರಿ.

ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡುಗಳು. ಇವಕ್ಕೆ ಹತ್ತನೆಯ ತರಗತಿಯಲ್ಲಿ ಗಣಿತ, ವಿಜ್ಞಾನ ಓದಿ ಪಾಸಾಗಿರಬೇಕು. ವೆಲ್ಡರ್ ಒಂದು ವರ್ಷದ್ದು. ಗಣಿತ ವಿಜ್ಞಾನಗಳು ಮಗುವಿಗೆ ತಿಳಿಯುವುದು ತನ್ನ ಮಾತಿನಲ್ಲಿ ಹೇಳಿಕೊಟ್ಟಾಗ. ಐದನೆಯ ತರಗತಿಯಲ್ಲಿ ಮಾಧ್ಯಮ ಬದಲಾಯಿಸಿ ಗಣಿತದಲ್ಲಿ ಹಿಂದೆ ಬಿದ್ದ ಮಗು ಒಳ್ಳೆಯ ಟ್ರೇಡನ್ನೂ ಕಳೆದುಕೊಳ್ಳುತ್ತದೆ.

ತರಬೇತಿಯ ನಂತರ ಅಪ್ರೆಂಟಿಸ್‌ಷಿಪ್ ಬಿಡಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳನ್ನು 2019ರಲ್ಲಿ ತಿದ್ದಿದಾಗ, 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ಅವರಿಗೆ ಸ್ಟೈಪೆಂಡ್ ಕೊಡಲೇಬೇಕು. ಹೆಣ್ಣುಮಕ್ಕಳಿಗೆ ಹೊಲಿಗೆಯೊಂದೇ ಎಂಬ ಕಾಲ ಕಳೆಯಿತೆಂಬುದನ್ನು ಹೊಸೂರಿನ ಕಾರ್ಖಾನೆಗಳೇ ತೋರಿಸಿಕೊಟ್ಟಿವೆ.

ಸಂಘಸಂಸ್ಥೆಗಳಿಗೂ ಒಂದು ಮಾತು. ರಾಜ್ಯೋತ್ಸವ ಮಾಡೋಣ, ಪುರಸ್ಕಾರ ಕೊಡೋಣ. ಆದರೆ ವರ್ಷಕ್ಕೊಂದು ದಿನ ಹತ್ತನೆಯ ತರಗತಿಯ ಮಕ್ಕಳನ್ನು ಹತ್ತಿರದ ಐ.ಟಿ.ಐ.ಗೂ ಕಾರ್ಖಾನೆಗೂ ಕರೆದುಕೊಂಡು ಹೋಗುವ ಕೆಲಸ ಯಾರ ಕಾರ್ಯಕ್ರಮ ಪಟ್ಟಿಯಲ್ಲಿದೆ? ಜಿಲ್ಲೆಯಲ್ಲಾಗಲಿ ತಾಲೂಕಿನಲ್ಲಾಗಲಿ ಶೇ. 15ಕ್ಕಿಂತ ಕಡಿಮೆಯಿಲ್ಲದ ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂಬುದು ಒಪ್ಪಿತವಾದ ರಕ್ಷಣೆ. ಐ.ಟಿ.ಐ. ಪ್ರವೇಶದ ಪ್ರಕಟಣೆಗಿಂತ ಮುಖ್ಯವಾದದ್ದು ಯಾವುದಿದೆ? ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಪ್ರವೇಶದ ಪ್ರಕಟಣೆ ಕನ್ನಡದಲ್ಲಿ ಬೇಕು, ನಿಮಿಯ ಕನ್ನಡ ಪುಸ್ತಕಗಳು ಐ.ಟಿ.ಐ. ಗ್ರಂಥಾಲಯದಲ್ಲಿ ಬೇಕು, ಕನ್ನಡ ಬಲ್ಲ ಒಬ್ಬ ಬೋಧಕರಾದರೂ ಬೇಕು: ಈ ಮೂರು ಬೇಡಿಕೆಗಳ ಅರ್ಜಿಯನ್ನು ಪ್ರತಿ ಶಾಲೆಯ ಪಾಲಕರ ಸಭೆಯೂ ಕನ್ನಡದಲ್ಲೇ ಬರೆದು ಜಿಲ್ಲಾಧಿಕಾರಿಗಳಿಗೆ ಕಳುಹಿಸಲಿ. ಪ್ರತಿಯೊಂದನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಲಿ.

ಒಂದು ಕನ್ನಡ ಶಾಲೆಯಿಂದ ಹತ್ತು ಮಕ್ಕಳು ಬಿಟ್ಟುಹೋದರೆ ಒಂದು ಅಧ್ಯಾಪಕ ಹುದ್ದೆಗೆ ಸಂಚಕಾರ. ಹುದ್ದೆ ಹೋದರೆ ತರಗತಿ ಹೋಗುತ್ತದೆ, ತರಗತಿ ಹೋದರೆ ಶಾಲೆ ಹೋಗುತ್ತದೆ. ಆಗ ಊರಿನ ನಿರುದ್ಯೋಗ ಇದ್ದಲ್ಲೇ ಇರುತ್ತದೆ, ಕನ್ನಡ ಮಾತ್ರ ಇರುವುದಿಲ್ಲ. ಆದ್ದರಿಂದ ಪಾಲಕರೇ, ಶಾಲೆ ಬದಲಾಯಿಸುವ ಮೊದಲು ನಿಮ್ಮ ಊರಿಗೆ ಯಾವ ಕಸುಬು ಸಲ್ಲುತ್ತದೆಂದು ವಿಚಾರಿಸಿರಿ.