ಎರಡು ಗಂಟೆ ಬೆಂಕಿ, ಇಡೀ ದಿನ ಬಿಸಿ: ಇಟ್ಟಿಗೆ ಒಲೆಯ ವಿಡಿಯೋದಲ್ಲಿ ನಿಜ ಎಷ್ಟು?

ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಗೋಡೆಯಷ್ಟು ದೊಡ್ಡ ಇಟ್ಟಿಗೆ ಒಲೆ, ಅದಕ್ಕೆ ಬೆನ್ನು ಕೊಟ್ಟು ಕೂತ ಅಜ್ಜಿ. ಕೆಳಗೆ ಕನ್ನಡದಲ್ಲಿ ಬರಹ: ‘ಬೆಳಿಗ್ಗೆ ಎರಡು ಗಂಟೆ ಬೆಂಕಿ ಹಾಕಿದರೆ ಇಡೀ ದಿನ ಮನೆ ಬೆಚ್ಚಗೆ. ಕರೆಂಟ್ ಬೇಡ. ನಮ್ಮೂರಿನ ಯಾವ ಮೇಸ್ತ್ರಿ ಬೇಕಾದರೂ ಕಟ್ಟಬಹುದು.’ ಚಳಿಗಾಲ ಬಂತೆಂದರೆ ಇಂಥ ವಿಡಿಯೋಗಳು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತವೆ. ಮೊದಲ ಎರಡು ಮಾತು ಆ ಊರಿನ ಮಟ್ಟಿಗೆ ನಿಜ. ಮೂರನೆಯದನ್ನು ನಂಬುವ ಮೊದಲು ವಿಡಿಯೋದಲ್ಲಿ ಕಾಣದ ಎರಡು ಸಂಗತಿ ತಿಳಿದಿರಬೇಕು: ಒಲೆಯೊಳಗೆ ಬೆಂಕಿ ಹೇಗೆ ಉರಿಯುತ್ತದೆ ಮತ್ತು ಹೊಗೆ ಎಲ್ಲಿಗೆ ಹೋಗುತ್ತದೆ. ಅರ್ಧ ನಿಮಿಷದ ವಿಡಿಯೋದಲ್ಲಿ ಚಿಮಣಿ ತೋರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಇಟ್ಟಿಗೆ ಶಾಖ ಹುಟ್ಟಿಸುವುದಿಲ್ಲ

ಇಂಥ ಒಲೆಗೆ ಮೇಸನ್ರಿ ಹೀಟರ್ ಎಂದು ಹೆಸರು. ರಷ್ಯಾದಲ್ಲಿ ಇದು ಪೆಚ್, ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಕಾಖೆಲೋಫನ್. ಫಿನ್‌ಲ್ಯಾಂಡಿನಲ್ಲಿ ಇದನ್ನು ಬಳಪದ ಕಲ್ಲಿನಲ್ಲಿ ಕಟ್ಟುವುದೂ ಉಂಟು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೆತ್ತಿದ್ದು ಈ ಜಾತಿಯ ಮೆದು ಕಲ್ಲನ್ನೇ.

ಏಪ್ರಿಲ್ ತಿಂಗಳಲ್ಲಿ ಆರ್‌ಸಿಸಿ ತಾರಸಿಯ ಕೆಳಗೆ ಮಲಗಿದವರಿಗೆ ಇದರ ತತ್ತ್ವ ಬಿಡಿಸಿ ಹೇಳಬೇಕಿಲ್ಲ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಹತ್ತರವರೆಗೂ ಶಾಖ ಉಗುಳುತ್ತಿರುತ್ತದೆ. ಇಟ್ಟಿಗೆ ಒಲೆಯೂ ಹೀಗೇ ಶಾಖದ ಗೋದಾಮು. ಲೆಕ್ಕ ನೋಡಿ. ಒಂದು ಕೆಜಿ ಇಟ್ಟಿಗೆಯ ಬಿಸಿಯನ್ನು 1 ಡಿಗ್ರಿ ಏರಿಸಲು ಸುಮಾರು 0.84 ಕಿಲೋಜೂಲ್ ಶಾಖ ಬೇಕು. 1000 ಕೆಜಿ ಒಲೆ 60 ಡಿಗ್ರಿ ಹೆಚ್ಚು ಕಾದರೆ ಅದರಲ್ಲಿ ಸುಮಾರು 14 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಕೂತಿರುತ್ತದೆ. ಅಂದರೆ 1000 ವಾಟ್‌ನ ರೂಮ್ ಹೀಟರ್ 14 ಗಂಟೆ ಉರಿದಷ್ಟು. ಒಣ ಸೌದೆಯ ಪ್ರತಿ ಕೆಜಿಯಲ್ಲಿ ಸುಮಾರು 4 ಯೂನಿಟ್ ಇರುತ್ತದೆ. ಒಳ್ಳೆಯ ಒಲೆ ಅದರಲ್ಲಿ ಮುಕ್ಕಾಲು ಪಾಲನ್ನು ಹಿಡಿದಿಟ್ಟರೂ 5 ಕೆಜಿ ಸೌದೆಗೆ ಈ ಕೆಲಸ ಮುಗಿಯುತ್ತದೆ. ಆದ್ದರಿಂದ ಅಜ್ಜಿಯ ಬೆನ್ನು ಬೆಚ್ಚಗಿರುವುದರಲ್ಲಿ ಪವಾಡವೇನೂ ಇಲ್ಲ.

ಹಿಡಿದಿಡುವುದು ಹೇಗೆ ಎಂಬುದರಲ್ಲಿ ಜಾಣ್ಮೆ ಇದೆ. ಸ್ವೀಡನ್‌ನಲ್ಲಿ ಸೌದೆಯ ಅಭಾವ ಕಾಡಿದಾಗ, 1767ರಲ್ಲಿ ಕ್ರೋನ್‌ಸ್ಟೆಡ್ ಮತ್ತು ವ್ರೇಡೆ ಎಂಬಿಬ್ಬರು ಹೊಸ ಒಲೆ ರೂಪಿಸಿದರು. ಅದರಲ್ಲಿ ಬಿಸಿ ಹೊಗೆ ನೇರ ಚಿಮಣಿಗೆ ಹೋಗದೆ, ಇಟ್ಟಿಗೆಯ ಕೊಳವೆಗಳಲ್ಲಿ ಮೇಲೆ ಕೆಳಗೆ ಸುತ್ತಾಡಿ, ತನ್ನ ಶಾಖವನ್ನೆಲ್ಲ ಗೋಡೆಗೆ ಕೊಟ್ಟು ಆಮೇಲೆ ಹೊರಗೆ ಹೋಗುತ್ತದೆ. ಸಿನಿಮಾಗಳಲ್ಲಿ ಕಾಣುವ ತೆರೆದ ಅಗ್ಗಿಷ್ಟಿಕೆ ನೋಡಲು ಚಂದ, ಆದರೆ ಅದರ ಶಾಖದ ಬಹುಪಾಲು ಚಿಮಣಿಯಲ್ಲೇ ಹೋಗಿಬಿಡುತ್ತದೆ.

ನಿಧಾನವಾಗಿ ಉರಿಸಿದರೆ ಸೌದೆ ಉಳಿಯುತ್ತದೆಯೇ?

ಬೆಂಕಿಯನ್ನು ಕುಗ್ಗಿಸಿ ರಾತ್ರಿಯಿಡೀ ಇಟ್ಟುಕೊಂಡರೆ ಸೌದೆ ಉಳಿಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಇಟ್ಟಿಗೆ ಒಲೆ ನಡೆಯುವುದು ತದ್ವಿರುದ್ಧ ಲೆಕ್ಕದಲ್ಲಿ. ಸೌದೆ ಬಿಸಿಯಾದಾಗ ಮೊದಲು ಅನಿಲಗಳು ಹೊರಬರುತ್ತವೆ. ಜ್ವಾಲೆಯಾಗಿ ಕಾಣುವುದು ಆ ಅನಿಲಗಳು ಉರಿಯುವುದೇ. ಅವು ಪೂರ್ತಿ ಉರಿಯಲು ಸುಮಾರು 600 ಡಿಗ್ರಿಗಿಂತ ಹೆಚ್ಚಿನ ಬಿಸಿ ಮತ್ತು ಧಾರಾಳ ಗಾಳಿ ಬೇಕು. ಗಾಳಿ ಕಡಿಮೆ ಮಾಡಿದರೆ ಅರ್ಧ ಉರಿದ ಅನಿಲವೇ ಹೊಗೆಯಾಗಿ, ಚಿಮಣಿಗೆ ಅಂಟುವ ಕೀಲಾಗಿ ಹೋಗುತ್ತದೆ. ಅಂದರೆ ಕೊಂಡ ಸೌದೆಯ ಒಂದು ಪಾಲನ್ನು ಆಕಾಶಕ್ಕೆ ಬಿಟ್ಟಂತೆ. ಹಸಿ ಸೌದೆಯಾದರೆ ನೀರು ಆವಿಯಾಗಲೂ ಶಾಖ ಖರ್ಚು. ಹಾಗಾಗಿ ಮೇಸನ್ರಿ ಹೀಟರಿನಲ್ಲಿ ಒಣ ಸೌದೆಯನ್ನು ಧಗಧಗನೆ ಉರಿಸಿ ಬೇಗ ಮುಗಿಸುತ್ತಾರೆ. ನಿಧಾನವಾಗಿ ಶಾಖ ಬಿಡುವುದು ಇಟ್ಟಿಗೆಯ ಪಾಲಿನ ಕೆಲಸ.

ಬೆಂಕಿ ಆರಿದ ಮೇಲೆ ಒಳಗಿನ ಶಾಖ ಚಿಮಣಿಯಲ್ಲಿ ಹೋಗದಂತೆ ಮುಚ್ಚಳ ಹಾಕುತ್ತಾರೆ. ಕೆಂಡ ಇನ್ನೂ ಜೀವಂತ ಇರುವಾಗಲೇ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ರಷ್ಯನ್ ಭಾಷೆಯಲ್ಲಿ ಹೀಗೆ ಒಲೆಯ ವಿಷಗಾಳಿ ತಟ್ಟುವುದಕ್ಕೆ ‘ಉಗಾರ್’ ಎಂಬ ಬೇರೆ ಪದವೇ ಇದೆ. 1902ರಲ್ಲಿ ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ ಪ್ಯಾರಿಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡದ್ದು ಇದೇ ಅನಿಲದಿಂದ. ಅವರ ಚಿಮಣಿ ಕಟ್ಟಿಕೊಂಡಿತ್ತು.

ನಮ್ಮಲ್ಲಿ ಇದೇ ಅನಿಲ ಕೊಲ್ಲುವುದು ಇಟ್ಟಿಗೆ ಒಲೆಯಿಂದಲ್ಲ, ಇದ್ದಿಲಿನ ಸಿಗಡಿಯಿಂದ. ಚಳಿಗೆ ಬಾಗಿಲು ಕಿಟಕಿ ಮುಚ್ಚಿ, ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ದೇಶದಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ‘ಹೊಗೆ ಇಲ್ಲದ ಕೆಂಡ, ಅಪಾಯವಿಲ್ಲ’ ಎಂಬುದು ಶುದ್ಧ ತಪ್ಪು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿರುವವರಿಗೆ ಅದೂ ತಿಳಿಯುವುದಿಲ್ಲ. ಪಕ್ಕದಲ್ಲಿ ಬಕೆಟ್ ನೀರಿಟ್ಟರೆ ಸಾಕು ಎನ್ನುವವರಿದ್ದಾರೆ. ಈ ಅನಿಲ ನೀರಿನಲ್ಲಿ ಕರಗುವುದೇ ಅತ್ಯಲ್ಪ, ಬಕೆಟ್ಟಿನಿಂದ ಏನೂ ಆಗದು. ಕೆಂಡವಿರುವ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆ ಭಾರವಾದರೆ ತಕ್ಷಣ ಎಲ್ಲರೂ ಹೊರಗೆ ಬರಬೇಕು, 108ಕ್ಕೆ ಕರೆ ಮಾಡಬೇಕು.

ನಮ್ಮ ಮನೆಗೆ ಬೇಕೇ?

ಬೆಂಗಳೂರಿನ ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸು. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು. ಟನ್ನುಗಟ್ಟಲೆ ಇಟ್ಟಿಗೆ ಕಾದು ಬಿಸಿ ಬಿಡತೊಡಗುವ ಹೊತ್ತಿಗೆ ನೀವು ಸ್ವೆಟರ್ ತೆಗೆದಿರುತ್ತೀರಿ. ಹೆಂಚಿನ ಸಂದು, ಗವಾಕ್ಷಿ ಇರುವ ಮನೆಯಲ್ಲಂತೂ ಶಾಖ ನಿಲ್ಲುವುದೇ ಇಲ್ಲ. ಕೊಡಗಿನಲ್ಲೋ ಚಿಕ್ಕಮಗಳೂರಿನ ಬೆಟ್ಟದಲ್ಲೋ ಹೋಂಸ್ಟೇಗೆ ಕಟ್ಟಿಸುತ್ತೇನೆ ಎನ್ನುವವರು ಭಾರವನ್ನು ನೋಡಿಕೊಳ್ಳಬೇಕು. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಒಂದೂವರೆ ಟನ್ ಒಲೆ ಅಷ್ಟೇ ಜಾಗದಲ್ಲಿ ಕೂತರೆ ಏನಾದೀತು? ಅದಕ್ಕೆ ನೆಲದಿಂದಲೇ ಪ್ರತ್ಯೇಕ ಪಾಯ ಬೇಕು. ಚಿಮಣಿಗೆ ಹಳೆಯ ಆಸ್ಬೆಸ್ಟಾಸ್ ಪೈಪು ಸಿಗುತ್ತದೆಂದು ಅದನ್ನು ಕತ್ತರಿಸಿ ಕೂರಿಸುವುದೂ ಬೇಡ, ಅದರ ಎಳೆ ಶ್ವಾಸಕೋಶಕ್ಕೆ ವಿಷ.

ನಮ್ಮಲ್ಲಿ ಇಟ್ಟಿಗೆಯ ಈ ಗುಣ ನಿಜವಾಗಿ ಉಪಯೋಗಕ್ಕೆ ಬರುವುದು ಬೇಕರಿಯಲ್ಲಿ. ಸೌದೆಯ ಓವನ್‌ನಲ್ಲಿ ಒಳಗೇ ಬೆಂಕಿ ಹಾಕಿ, ಗುಮ್ಮಟ ಕಾದ ಮೇಲೆ ಕೆಂಡ ಎಳೆದು, ಉಳಿದ ಬಿಸಿಯಲ್ಲಿ ಬ್ರೆಡ್ಡು, ಅದು ಇಳಿದಂತೆ ಬಿಸ್ಕತ್ತು, ಕೊನೆಗೆ ರಸ್ಕ್ ಒಣಗಿಸಬಹುದು. ನೇಪಲ್ಸ್ ಶೈಲಿಯ ಪಿಜ್ಜಾಗೆ ಮಾತ್ರ ಬೆಂಕಿ ಒಳಗೇ ಇರುತ್ತದೆ. ಓವನ್ನಿನ ನೆಲ 430 ಡಿಗ್ರಿ ಮುಟ್ಟಿದಾಗ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಹಿತ್ತಲಲ್ಲಿ ಇಂಥದ್ದನ್ನು ಕಟ್ಟುವ ಹುಮ್ಮಸ್ಸು ಈಗ ಹೆಚ್ಚಾಗಿದೆ, ಹೊರಗೆ ಕಟ್ಟುವುದಾದ್ದರಿಂದ ಅಪಾಯವೂ ಕಡಿಮೆ. ಆದರೆ ಬೆಂಕಿ ತಾಗುವ ಒಳಮೈಗೆ ಮಾಮೂಲಿ ಸಿಮೆಂಟ್ ಗಾರೆ ಬೇಡ. 400 ಡಿಗ್ರಿ ದಾಟಿದರೆ ಅದರ ಹಿಡಿತ ಪುಡಿಯಾಗುತ್ತದೆ. ಫೈರ್ ಬ್ರಿಕ್ ಮತ್ತು ಬೆಂಕಿ ತಾಳುವ ಜೇಡಿಯ ಗಾರೆ ಬೇಕು. ಕಟ್ಟಿದ ಮರುದಿನವೇ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಬಿರುಕು ಬಿಡುತ್ತದೆ, ಕೆಲವು ದಿನ ಪುಟ್ಟ ಬೆಂಕಿಯಲ್ಲೇ ಒಣಗಿಸಬೇಕು. ಹೊಳೆಯ ಗುಂಡುಕಲ್ಲು ಬಳಸಿದರೆ ಇದೇ ಕಾರಣಕ್ಕೆ ಅದು ಸಿಡಿಯಬಹುದು.

ಅಡುಗೆ ಒಲೆಗೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಅಲ್ಲಿ ದಪ್ಪ ಮಣ್ಣು ಪಾತ್ರೆಗೆ ಹೋಗಬೇಕಾದ ಶಾಖವನ್ನು ಕದಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಮೂರು ಪಾತ್ರೆಗೆ ಒಂದೇ ಬೆಂಕಿ ಕೊಟ್ಟು, ಹೊಗೆಯನ್ನು ಚಿಮಣಿಯಿಂದ ಹೊರಗೆ ಕಳಿಸುತ್ತಿತ್ತು. ಹಳ್ಳಿಮನೆಗೆ ವಿಡಿಯೋದ ಒಲೆಗಿಂತ ಹೆಚ್ಚು ಬೇಕಾದದ್ದು ಇದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೆ ಒಡಿಶಾದಲ್ಲಿ ಚಿಮಣಿ ಇರುವ ಸುಧಾರಿತ ಒಲೆಗಳನ್ನು ನಾಲ್ಕು ವರ್ಷ ಗಮನಿಸಿದ ರೆಮಾ ಹನ್ನಾ, ಎಸ್ತರ್ ಡಫ್ಲೋ ಮತ್ತು ಮೈಕೇಲ್ ಗ್ರೀನ್‌ಸ್ಟೋನ್ ಅವರ ಅಧ್ಯಯನ 2016ರಲ್ಲಿ ಪ್ರಕಟವಾದಾಗ ಕಂಡದ್ದು ಇಷ್ಟು: ಮೊದಲ ವರ್ಷ ಮನೆಯವರು ಉಸಿರಾಡುವ ಹೊಗೆ ಇಳಿಯಿತು, ಆಮೇಲೆ ಮೊದಲಿನಷ್ಟೇ ಆಯಿತು. ಬಿರುಕು ಬಿಟ್ಟ ಒಲೆಗೆ ಹಲವರು ಮಣ್ಣು ಮೆತ್ತಿರಲಿಲ್ಲ, ಚಿಮಣಿಯ ಮಸಿ ತೆಗೆದಿರಲಿಲ್ಲ, ಬಹಳ ಮಂದಿ ಹಳೆಯ ಒಲೆಗೇ ಮರಳಿದ್ದರು.